ಖಾಲಿ ಚೀಲ ಹಿಂದಕ್ಕೆ ಕೊಡಬಾರದು

೮ ಡಿಸೆಂಬರ್ ೧೯೯೭, ಸೋಮವಾರ

ಬರೆಯುವುದು ನನ್ನ ಕೆಲಸವಲ್ಲ ಎಂದು ಸೊಸೆಗೆ ಮೂರು ಸಲ ಹೇಳಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂತವನು ನಾನು. ಬರೆದದ್ದೆಲ್ಲ ಮೂಟೆಯ ಮೇಲೆ, ಇದ್ದಿಲಿನಲ್ಲಿ. ಪ್ರೇಮಕುಮಾರಿ ಕೇಳಬೇಕಲ್ಲ. ಹೈಸ್ಕೂಲಿನಲ್ಲಿ ಅರವತ್ತು ಮಕ್ಕಳನ್ನು ಕೂರಿಸಿ ಬರೆಸುವವಳು, ಅರವತ್ತೊಂದನೆಯವನು ನಾನು. ಸಿಮೆಂಟು ಅಂಗಡಿಯವರು ವರ್ಷದ ಮೊದಲಲ್ಲಿ ಕೊಟ್ಟಿದ್ದ ಡೈರಿ, ಹನ್ನೊಂದು ತಿಂಗಳು ಬೀರುವಿನಲ್ಲಿ ಮಲಗಿದ್ದದ್ದು, ತಂದು ನನ್ನ ತೊಡೆಯ ಮೇಲಿಟ್ಟಳು.

"ಮಾವ, ಬೈಯೋದನ್ನೆಲ್ಲ ಇದ್ರಲ್ಲಿ ಬೈದ್ಬಿಡಿ. ಅತ್ತೆ ಕಣ್ಣು ವಾಸಿ ಆಗೋತನಕ ಮನೇಲಿ ಗಲಾಟೆ ಆಗ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ."

ಡಾಕ್ಟರು ಹಾಗೆ ಹೇಳಿಲ್ಲ. ಹಾಸನದಲ್ಲಿ ಅವರ ಮುಂದೆ ನಾನೂ ನಿಂತಿದ್ದೆ. ನಲವತ್ತು ದಿನ ಹೊಗೆ ಬೇಡ, ಬಗ್ಗುವುದು ಬೇಡ, ತಲೆಗೆ ನೀರು ಬೇಡ, ಬಸ್ಸಿನ ಕುಲುಕು ಬೇಡ ಅಂದರು. ಗಲಾಟೆಯ ಮಾತು ಸೊಸೆಯೇ ಸೇರಿಸಿದ್ದು.

ನನ್ನ ಹೆಂಡತಿ ನೀಲಗಂಗಮ್ಮನಿಗೆ ಬಲಗಣ್ಣಿನ ಪೊರೆ ತೆಗೆದಿದ್ದಾರೆ. ಅದರ ಮೇಲೆ ಪಟ್ಟಿ. ಎಡಗಣ್ಣಿನಲ್ಲೂ ಪೊರೆ, ಅದು ಬೇಸಿಗೆಗೆ. ಒಟ್ಟಿನಲ್ಲಿ ಏನೂ ಕಾಣದೆ ಮಂಚದ ಮೇಲೆ ಕೂತಿದ್ದಾಳೆ. ಕೂತವಳು ಸುಮ್ಮನಿದ್ದಾಳೆಯೇ? ಪ್ರತಿ ವರ್ಷ ಈ ಚಳಿ ದಿನಗಳಲ್ಲಿ ಎಳ್ಳುಬೆಲ್ಲ ಮಾಡಿಕೊಂಡು, ಪರವೂರಿನ ನೆಂಟರ ಮನೆಗಳಿಗೆ ಸಂಕ್ರಾಂತಿಗೆ ಮುಂಚೆಯೇ ಮುಟ್ಟಿಸಿ ಬರುತ್ತಿದ್ದಳು. ಈ ವರ್ಷ ನಾನು ಹೋಗಬೇಕಂತೆ. ಮಗ ಶಶಿಕಿರಣನಿಗೆ ಮಂಡಿ, ಸೊಸೆಗೆ ಸ್ಕೂಲು. ಉಳಿದವನು ನಾನು.

"ಗಂಡಸು ಎಳ್ಳಿನ ಚೀಲ ಇಡ್ಕೊಂಡು ಬೀದೀಲಿ ಓಗೋದಾ? ಒಂದು ವರ್ಷ ಓಗ್ದಿದ್ರೆ ಏನು ಮುಳುಗ್ತದೆ?" ಅಂದೆ.

"ಸಾವಾದ ಮನೇಲಿ ಆ ವರ್ಷ ಎಳ್ಳು ಬೀರಲ್ಲ ಅಲ್ವೇನ್ರೀ. ಚೀಲ ಬರ್ಲಿಲ್ಲ ಅಂದ್ರೆ ನಾನು ಸತ್ತೆ ಅಂದ್ಕತಾರೆ. ಒಂದು ಮನೇನೂ ತಪ್ಪಬಾರ್ದು."

ಬೈಗುಳ ಬರೆಯಲು ಹೊರಟವನು ಪುಟ ಮುಗಿಸಿಬಿಟ್ಟೆ. ಕೈ ನೋವು.

೧೧ ಡಿಸೆಂಬರ್, ಗುರುವಾರ

ಇವತ್ತು ನಾನು ಕೊಬ್ಬರಿ ಹೆಚ್ಚಿದೆ. ಬರೆದರೆ ನನಗೇ ನಂಬಿಕೆ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಮೇಲಿನ ಕಪ್ಪು ಸಿಪ್ಪೆ ಹೆರೆದು, ಬಿಳಿ ಭಾಗವನ್ನು ಕಡಲೆಗಿಂತ ಚಿಕ್ಕದಾಗಿ ಹೆಚ್ಚಬೇಕು. ನಾನು ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತೆ. ಅವಳು ಗೋಡೆಗೊರಗಿ, ಕಣ್ಣಿಗೆ ಪಟ್ಟಿ, ಕೈ ಮಡಿಲಲ್ಲಿ.

"ಅದು ದಪ್ಪ ಆಯ್ತು."

"ಯಾವ್ದು?"

"ಈಗ ಕುಯ್ದ್ರಲ್ಲ, ಅದು."

ನೋಡಿದೆ. ದಪ್ಪವೇ. ಆಮೇಲೆ ಎರಡು ತೆಳ್ಳಗೆ ಹೆಚ್ಚಿ, ಪರೀಕ್ಷೆಗೆಂದು ಮೂರನೆಯದನ್ನು ದಪ್ಪ ಕೊಯ್ದೆ.

"ಬೇಕಂತ್ಲೇ ಕುಯ್ದ್ರಿ."

ಚಾಕು ಕೆಳಗಿಟ್ಟೆ. ನಲವತ್ತೈದು ವರ್ಷ ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಎಷ್ಟು ಒಣಗಿದೆ ಎಂದು ಹೇಳಿದವನು ನಾನು. ತಿಪಟೂರಿನ ದಲ್ಲಾಳಿಗಳು ನನ್ನ ಕಿವಿಗೆ ಕೈ ಮುಗಿದಿದ್ದಾರೆ. ನನ್ನ ಮನೆಯ ಗೋಡೆಗೆ ಒರಗಿಕೊಂಡೇ ನನಗಿಂತ ದೊಡ್ಡ ಕಿವಿಯೊಂದು ಇತ್ತು, ನಾನು ಒಂದು ದಿನವೂ ಕೇಳಲಿಲ್ಲ.

ಅಷ್ಟು ಸಾಲದು ಎಂಬಂತೆ, ಒಳಗೆ ಸೊಸೆ ಕಡಲೆಕಾಯಿ ಬೀಜ ಹುರಿಯುತ್ತಿದ್ದಳು. ಇವಳು ಜಗಲಿಯಿಂದಲೇ, "ಇಳಿಸು ಪ್ರೇಮಾ" ಅಂದಳು. ಇಳಿಸಿದಳು. ಒಂದು ಬೀಜ ಕೂಡ ಕಪ್ಪಾಗಿರಲಿಲ್ಲ. ನನ್ನ ಮೂಗಿಗೆ ಹುರಿದ ವಾಸನೆ ಬಂದದ್ದು ಆಮೇಲೆ.

೧೩ ಡಿಸೆಂಬರ್, ಶನಿವಾರ

ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಕೊಟ್ಟಿದ್ದಾರೆ.

ಮೊದಲು ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. "ಇಷ್ಟೊಂದು ಮುದುಕ್ರಾಗಿದ್ದೀರಾ!" ಅಂದಳು. ಸೊಸೆ ನಕ್ಕಳು. ನಾನು ಡೈರಿಗೆಂದು ಬೈಗುಳ ತೆಗೆದಿಟ್ಟುಕೊಂಡೆ.

ಸಂಜೆ ಹಿತ್ತಿಲಿನಲ್ಲಿ ತೆಂಗಿನ ಗರಿಗಳ ನಡುವೆ ಚಂದ್ರ ಹುಟ್ಟಿದ, ನಾಳೆ ಹುಣ್ಣಿಮೆ. ಕನ್ನಡಕ ತೆಗೆದು ಒಂದು ಕ್ಷಣ ನೋಡುತ್ತೇನೆ ಎಂದು ಹಟ ಮಾಡಿದಳು. ನೋಡಿ, ನನ್ನ ತೋಳು ಹಿಡಿದುಕೊಂಡಳು.

"ಒಂದೇ ಅದೆ ಕಣ್ರೀ."

"ಇನ್ನೆಷ್ಟು ಇರ್ತದೆ?"

"ನಾಕು ವರ್ಷದಿಂದ ನಂಗೆ ಮೂರು ಕಾಣ್ತಿದ್ವು. ಒಂದ್ರ ಮೇಲೊಂದು, ಅಳ್ಸಿದಂಗೆ. ಎಲ್ರಿಗೂ ಅಂಗೇ ಅಂದ್ಕಂಡಿದ್ದೆ, ವಯಸ್ಸಾದ್ ಮೇಲೆ."

ಮೂರು ಚಂದ್ರ ಇಟ್ಟುಕೊಂಡು ನಾಲ್ಕು ವರ್ಷ ಅಡುಗೆ ಮಾಡಿ ಬಡಿಸಿದ್ದಾಳೆ. ಅದರಲ್ಲಿ ಉಪ್ಪು ಜಾಸ್ತಿ ಎಂದು ನಾನು ತಟ್ಟೆ ತಳ್ಳಿದ್ದೇನೆ, ಎಷ್ಟು ಸಲ ಎಂದು ಎಣಿಸಿಲ್ಲ. ಅಕ್ಕಿಕಾಳಿನಷ್ಟು ದೊಡ್ಡ ಗಾಜಂತೆ, ಕಣ್ಣೊಳಗೆ ಇಟ್ಟಿದ್ದಾರೆ. ಅಷ್ಟು ಸಣ್ಣದು ಎರಡು ಚಂದ್ರನನ್ನು ಅಳಿಸಿಹಾಕಿತಲ್ಲ.

ರಾತ್ರಿ ಮುದ್ದೆಗೆ ಹುಚ್ಚೆಳ್ಳು ಪುಡಿ ಕಲಸಿಕೊಂಡೆ. ಅದೊಂದಿದ್ದರೆ ನನಗೆ ಬೇರೆ ಬೇಡ. ಡಬ್ಬಿಯ ತಳ ಕಾಣುತ್ತಿದೆ. ವರ್ಷಕ್ಕೆ ಒಂದೇ ಸಲ, ಈ ನೆಂಟರ ಸುತ್ತಾಟ ಮುಗಿಸಿ ಬಂದ ಮೇಲೆ ಡಬ್ಬಿ ತುಂಬುತ್ತಾಳೆ. ಈಗ ಮಾಡಿಸು ಅಂದರೆ ಕೇಳಿಸದವಳ ಹಾಗೆ ಇದ್ದಳು. ಅಂಥ ಕಿವಿಯವಳು.

೧೬ ಡಿಸೆಂಬರ್, ಮಂಗಳವಾರ

ಟ್ರಂಕಿನಿಂದ ಚೀಲಗಳನ್ನು ತೆಗೆಸಿದಳು. ಐದು ಚೀಲ, ಐದು ಬಟ್ಟೆ. ಓದು ಬಾರದವಳು, ಆದರೆ ಒಂದು ದಿನವೂ ಚೀಲ ಅದಲುಬದಲಾಗಿಲ್ಲವಂತೆ. ಯಾಕೆಂದರೆ ಯಾವ ಮನೆಗೆ ಹೋಗಬೇಕೋ ಆ ಮನೆಯ ಹಳೆ ಬಟ್ಟೆಯಲ್ಲೇ ಚೀಲ. ಹಾಸನದ ಮಗಳ ಲಂಗದ್ದು ಕೆಂಪು ಚೀಲ. ದುದ್ದದ ನನ್ನ ಭಾವಮೈದನ ಪಂಚೆಯದು ಬಿಳಿ, ಹಸಿರು ಅಂಚು. ಹೊಳೆನರಸೀಪುರದಲ್ಲಿರುವ ಅವಳ ತಂಗಿ ಅನಸೂಯಮ್ಮನ ಸೀರೆಯದು ನೀಲಿ ಚೌಕಳಿ. ಜಿನನಾಥಪುರದ ಯಾವುದೋ ಅಜ್ಜಿಯದು ಬೂದು ಬಣ್ಣದ್ದು. ಆ ಅಜ್ಜಿ ಯಾರು ಅಂದರೆ, "ಅಲ್ಲಿಗ್ ಓದ್ರೆ ತಿಳೀತದೆ" ಅಂದಳು.

ಇನ್ನೊಂದು ನಿಯಮವನ್ನೂ ಹೇಳಿದಳು. ಅವರು ಎಳ್ಳು ಸುರಿದುಕೊಂಡು ಚೀಲ ಹಿಂದಕ್ಕೆ ಕೊಡುತ್ತಾರೆ. ಖಾಲಿ ಕೊಡುವುದಿಲ್ಲ. ಮನೆಯಲ್ಲಿ ಇರುವುದನ್ನು ಏನಾದರೂ ಹಾಕಿ ಕೊಡುತ್ತಾರೆ. ಹಾಕುವ ತನಕ ಏಳಬಾರದು. "ನೀವು ಅರ್ಜೆಂಟ್ ಮಾಡಿ ಎದ್ದು ಬರ್ಬೇಡಿ" ಅಂತ ಎರಡು ಸಲ ಹೇಳಿದಳು.

ಐದನೇ ಚೀಲವನ್ನು ಕೈಗೆ ತೆಗೆದುಕೊಂಡೆ. ಕೆನೆ ಬಣ್ಣದ ದಪ್ಪ ಬಟ್ಟೆ, ಒಂದು ಮೂಲೆಯಲ್ಲಿ ಅರಿಶಿನದ ಕಲೆ. ಗುರುತು ಸಿಕ್ಕಿತು. ಶಶಿಕಿರಣನ ಮದುವೆಗೆ ಹೊಲಿಸಿದ್ದ ನನ್ನ ಜುಬ್ಬ! ಕಳೆದುಹಾಕಿದ ಎಂದು ಬಟ್ಟೆ ಒಗೆಯುವವನಿಗೆ ಒಂದು ವರ್ಷ ಬೈದಿದ್ದೆ.

"ಇದನ್ನ ಅರಿದು ಚೀಲ ಮಾಡಿದ್ದೀಯಾ? ಯಾರ ಮನೆಗೆ ಇದು?"

"ಅದು ಕೊನೇದು. ನಾಕು ಮುಗಿಸ್ಕೊಂಡು ಬನ್ನಿ, ಯೋಳ್ತೀನಿ."

ಮಠಕ್ಕೆ ಇರಬೇಕು ಅಂದುಕೊಂಡೆ.

ಆ ಕಲೆ ನೋಡಿ ಹಳೆಯದು ನೆನಪಿಗೆ ಬಂತು. ಬರೆದರೆ ಹೋಗುತ್ತದೆ ಅಂತಾಳೆ ಸೊಸೆ. ಬರೆಯುತ್ತೇನೆ. ಎಂಬತ್ತಾರರ ಮೇ ತಿಂಗಳು, ಮದುವೆಯ ಊಟ. ಮೊದಲ ಪಂಕ್ತಿ ಎಲ್ಲರೂ ಎದ್ದಾಯಿತು, ಎರಡನೇ ಪಂಕ್ತಿಗೆ ನೂರೈವತ್ತು ಜನ ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಅಕ್ಕ ಪುಟ್ಟತಾಯಮ್ಮನ ಗಂಡ, ಅರಕಲಗೂಡಿನ ರುದ್ರಯ್ಯ, ಒಬ್ಬನೇ ಕೂತು ಒಂದೊಂದು ಅಗುಳು ಹೆಕ್ಕಿ ತಿನ್ನುತ್ತಿದ್ದಾನೆ. ಬಿಸಿಲು, ಸಿಟ್ಟು. "ಏಳಯ್ಯ ಸಾಕು, ನಿಮ್ಮನೇಲಿ ಊಟ ಇಲ್ವಾ?" ಅಂದೆ. ಅರ್ಧ ಎಲೆ ಬಿಟ್ಟು ಎದ್ದ. ನನ್ನ ಕೈ ತಾಗಿ ಸಾರಿನ ಬಕೆಟ್ಟು ತುಳುಕಿತು, ಕಲೆ ಅದೇ. ಅಕ್ಕ ಅವನ ಹಿಂದೆಯೇ ಹೋದಳು. ಇವತ್ತಿನವರೆಗೆ ಅವರು ಬಂದಿಲ್ಲ, ನಾನು ಹೋಗಿಲ್ಲ. ತಪ್ಪು ನನ್ನದಲ್ಲ. ನೂರೈವತ್ತು ಜನ ನಿಂತಿದ್ದರು.

ಬರೆದೆ. ಹೋಗಲಿಲ್ಲ.

೨೦ ಡಿಸೆಂಬರ್, ಶನಿವಾರ

ಬೆಳಗೊಳದಲ್ಲಿ ಬಸ್ಸಿಳಿದು ಜಿನನಾಥಪುರಕ್ಕೆ ನಡೆದೆ. ಬಸದಿಯ ಹಿಂದೆ ಸಣ್ಣ ಹೆಂಚಿನ ಮನೆ. ಪದ್ಮಾವತಮ್ಮ ಅಂತ, ಎಂಬತ್ತೈದು ದಾಟಿದ ಜೈನರ ಅಜ್ಜಿ. ಬೂದು ಚೀಲ ನೋಡಿದಳು, ನನ್ನ ಮುಖ ನೋಡಿದಳು, ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಓಗ್ಬಿಟ್ಲಾ ನೀಲಮ್ಮ?"

ಗಂಡಸಿನ ಕೈಯಲ್ಲಿ ಚೀಲ ಬಂದರೆ ಹಾಗೆ ಅರ್ಥವಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. "ಇಲ್ಲ, ಬದ್ಕವ್ಳೆ! ಬದ್ಕವ್ಳೆ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅಜ್ಜಿ ಹೊಸ್ತಿಲ ಮೇಲೆಯೇ ಕುಸಿದು ಕೂತು ಅತ್ತಳು. ಯಾರ ಹೆಂಡತಿಗೆ ಯಾರು ಅಳುತ್ತಿದ್ದಾರೆ ಎಂದು ನೋಡುತ್ತ ನಿಂತೆ.

ಅವಳು ಸೂಲಗಿತ್ತಿಯಂತೆ. ಅರವತ್ತೆರಡರಲ್ಲಿ ಶಶಿಕಿರಣನನ್ನು ಎತ್ತಿದವಳು. ಕಾಲು ಮುಂದಾಗಿ ಬಂದಿದ್ದನಂತೆ.

"ಎರಡು ದಿವ್ಸ ಒದ್ದಾಡಿದ್ಲು ಕಣಪ್ಪ ನಿನ್ನೆಂಡ್ತಿ. ಒಂದ್ಕಿತ ಉಸ್ರೇ ನಿಂತೋಗಿತ್ತು. ಕೆನ್ನೆಗೆ ಒಡ್ದು ಕರ್ಕೊಂಡ್ಬಂದೆ."

ನಾನು ಆ ಎರಡು ದಿನ ತಿಪಟೂರಿನಲ್ಲಿದ್ದೆ. ಬಂದಾಗ ಗಂಡು ಮಗು ಅಂದರು, ಸಕ್ಕರೆ ಹಂಚಿದೆ. ಉಸಿರು ನಿಂತದ್ದನ್ನು ಯಾರೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಮೂವತ್ತೈದು ವರ್ಷ ಆ ಉಸಿರಿಗೆ ಒಂದು ಚೀಲ ಎಳ್ಳು ಹೊತ್ತಿದ್ದಾಳೆ, ನಾನು ಅದನ್ನು ಹೆಂಗಸರ ತಿರುಗಾಟ ಅಂದುಕೊಂಡಿದ್ದೆ.

ಅಜ್ಜಿ ಚೀಲಕ್ಕೆ ಎರಡು ಹಿಡಿ ಅವರೆಕಾಳು ಹಾಕಿ ಕೊಟ್ಟಳು. ಹಾಕುವ ತನಕ ಏಳಲಿಲ್ಲ.

ಬಸ್ಸಿಗೆ ಕಾಯುವಾಗ ಬೆಟ್ಟದ ಮೇಲೆ ಗೊಮ್ಮಟ ಭುಜದಿಂದ ಮೇಲೆ ಕಾಣುತ್ತಿದ್ದ. ಎಷ್ಟೋ ಸಲ ನೋಡಿದ್ದೇನೆ. ಇವತ್ತು ಅಷ್ಟೇನೂ ದೊಡ್ಡವನಾಗಿ ಕಾಣಲಿಲ್ಲ.

೨೩ ಡಿಸೆಂಬರ್, ಮಂಗಳವಾರ

ದುದ್ದ ಆಯಿತು, ಹಾಸನ ಆಯಿತು. ಎರಡೂ ಕಡೆ ಬಾಗಿಲಲ್ಲೇ "ಬದ್ಕವ್ಳೆ" ಎಂದು ಮೊದಲು ಕೂಗಿ ಆಮೇಲೆ ಚಪ್ಪಲಿ ಬಿಟ್ಟೆ. ಮಗಳು, "ಅಪ್ಪಾ, ನಾನೇ ಆಸ್ಪತ್ರೇಲಿ ಮಲಗಿದ್ದೆ ಅಮ್ಮನ ಜೊತೆ, ನಂಗೊತ್ತಿಲ್ವಾ!" ಎಂದು ನಕ್ಕಳು. ನಿಯಮ ಎಂದರೆ ಎಲ್ಲರಿಗೂ ಒಂದೇ.

೨೬ ಡಿಸೆಂಬರ್, ಶುಕ್ರವಾರ

ಬೈಯುವುದಕ್ಕೇ ಕೊಟ್ಟ ಡೈರಿ, ಇವತ್ತು ಬೈಯುತ್ತೇನೆ.

ಹೊಳೆನರಸೀಪುರಕ್ಕೆ ಹೋದೆ. ಅನಸೂಯಮ್ಮ ಕಾಫಿ ಕೊಟ್ಟಳು. ನೀಲಿ ಚೌಕಳಿ ಚೀಲಕ್ಕೆ ತಂಬಿಟ್ಟು ತುಂಬುತ್ತ ಸುತ್ತ ನೋಡಿದಳು.

"ಇನ್ನೊಂದು ಚೀಲ ಎಲ್ಲಿ ಭಾವ?"

"ಯಾವ್ದು?"

"ಅದೇ, ಕೆನೆ ಬಣ್ಣದ್ದು. ಅಕ್ಕ ಇಲ್ಲಿ ಒಂದ್ ಗಂಟೆ ಕೂತು, ಅದನ್ನ ತಕ್ಕೊಂಡು ಅರಕಲಗೂಡು ಬಸ್ ಅತ್ತೋಳು. ರಾತ್ರಿ ಅಲ್ಲೇ. ಪುಟ್ಟತಾಯಮ್ಮೋರು ಹುಚ್ಚೆಳ್ಳು ಪುಡಿ ಕೊಟ್ಟು ಕಳಿಸಿದ್ರೆ ನಂಗೂ ಒಂದ್ ಹಿಡಿ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಕಾಫಿ ಅಲ್ಲೇ ಬಿಟ್ಟು ಎದ್ದೆ.

ಹನ್ನೊಂದು ವರ್ಷ! ನನ್ನ ಜುಬ್ಬದ ಚೀಲ ಹಿಡಿದು, ನಾನು ಕಾಲಿಡದ ಮನೆಗೆ. ಹನ್ನೊಂದು ವರ್ಷದಿಂದ ಆ ಮನೆಯ ಪುಡಿಯನ್ನು ನನ್ನ ತಟ್ಟೆಗೆ. ತಂಗಿಯ ಮನೆಗೆ ಎಂದು ಹೇಳಿ ಹೋಗುತ್ತಿದ್ದಳು. ತಂಗಿಯ ಮನೆಗೂ ಹೋಗುತ್ತಿದ್ದಳಲ್ಲ, ಆದ್ದರಿಂದ ಸುಳ್ಳು ಎಂದೂ ಅನ್ನಲಾಗುವುದಿಲ್ಲ.

೨೭ ಡಿಸೆಂಬರ್, ಶನಿವಾರ

ಮಾತಿಲ್ಲ.

೨೮ ಡಿಸೆಂಬರ್, ಭಾನುವಾರ

ಮಾತಿಲ್ಲ. ಯಾಕೆ ಎಂದು ಅವಳೂ ಕೇಳಲಿಲ್ಲ. ಅದಕ್ಕೆ ಇನ್ನೂ ಸಿಟ್ಟು.

೩೧ ಡಿಸೆಂಬರ್, ಬುಧವಾರ

ನಾಲ್ಕು ದಿನ ಪುಡಿ ಮುಟ್ಟಲಿಲ್ಲ. ಮಧ್ಯಾಹ್ನ ಯಾರೂ ಇಲ್ಲದಾಗ ಡಬ್ಬಿ ತೆಗೆದೆ. ತಳದಲ್ಲಿ ಒಂದು ಚಿಟಿಕೆ ಇತ್ತು. ನಾಲಿಗೆಯ ಮೇಲಿಟ್ಟುಕೊಂಡೆ.

ಅಮ್ಮನದು. ಹುಚ್ಚೆಳ್ಳನ್ನು ಸ್ವಲ್ಪ ಹೆಚ್ಚಾಗಿಯೇ ಹುರಿದು, ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜುತ್ತಿದ್ದಳು ಅಮ್ಮ. ಅಕ್ಕನಿಗೆ ಬಿಟ್ಟು ಬೇರೆ ಯಾರಿಗೂ ಆ ಕೈ ಬಂದಿರಲಿಲ್ಲ. ಹನ್ನೊಂದು ವರ್ಷ ಉಂಡಿದ್ದೇನೆ, ನೀಲಗಂಗನ ಕೈರುಚಿ ಎಂದು ಬಂದವರಿಗೆಲ್ಲ ಹೇಳಿದ್ದೇನೆ. ಅಮ್ಮನ ಕೈ ನನ್ನ ಬಾಯಿಯೊಳಗೇ ಇತ್ತು, ನನಗೆ ಗೊತ್ತಾಗಲಿಲ್ಲ. ಇದೆಂಥ ನಾಲಿಗೆ ನನ್ನದು. ಬೈಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೆನೋ ಏನೋ.

ಡೈರಿಯ ಕೊನೆಯ ಪುಟ ಇದು. ಇನ್ನು ಮುಗಿಯಿತು, ಬರೆಯುವ ಕಾಟ ತಪ್ಪಿತು.

೨ ಜನವರಿ ೧೯೯೮, ಶುಕ್ರವಾರ

ತಪ್ಪಲಿಲ್ಲ. ಹೋದ ಜನವರಿಯ ಪುಟಗಳು ಖಾಲಿ ಇವೆಯಲ್ಲ, ಹಿಂದಕ್ಕೆ ಬಂದು ಬರೆಯುತ್ತಿದ್ದೇನೆ. ಸೊಸೆ ಹೇಳಿಲ್ಲ. ನಾನೇ.

ಬೆಳಿಗ್ಗೆ ಬಿಸಿಲಿಗೆ ಕೂತಿದ್ದವಳ ಮುಂದೆ ಕೆನೆ ಚೀಲ ಇಟ್ಟೆ.

"ಗೊತ್ತಾಯ್ತಲ್ಲ" ಅಂದಳು.

"ಯಾಕ್ ಆ ಮನೆಗ್ ಓದೆ?"

"ನಿಮ್ ಜಗಳ ನಿಮ್ದು. ನಾನು ಈ ಮನೆಗೆ ಬಂದಾಗ ಹದಿಮೂರು ವರ್ಷ. ಅತ್ತಿಗೆ ಬಾಣಂತನಕ್ಕೆ ಬಂದು ಐದು ತಿಂಗ್ಳು ಇದ್ರು. ಕೂಸಿಗೆ ಎಣ್ಣೆ ಒತ್ತಿದ ಕೈನಲ್ಲೇ ನನ್ ತಲೆಗೂ ಒತ್ತೋರು. ಆ ಮನೆಗೆ ಓಗ್ಬೇಡ ಅಂದ್ರೆ ನನ್ ತಲೇನ ಎಲ್ಲಿ ಇಟ್ಟು ಬರ್ಲಿ?"

"ನಾನು ಕಳಿಸ್ದೆ ಅಂತ ಸುಳ್ಳು ಯೋಳಿದ್ಯಾ?"

"ಇಲ್ಲ. ವರ್ಷ ವರ್ಷ ಕೇಳೋರು, ಅವ್ನು ಕಳಿಸಿದ್ನಾ ಅಂತ. ಇಲ್ಲ ಅತ್ತಿಗೆ, ಬಟ್ಟೆ ಮಾತ್ರ ಅವ್ರದು ಅನ್ನೋಳು ನಾನು. ಚೀಲ ಮೂಸಿ ನೋಡಿ ಒಳಗಿಟ್ಕೊಳ್ಳೋರು."

ಆಮೇಲೆ ಕನ್ನಡಕ ಸರಿ ಮಾಡಿಕೊಂಡು, "ಅಬ್ಬಕ್ಕೆ ಹನ್ನೆರಡೇ ದಿನ. ಚೀಲ ಓಗ್ಲಿಲ್ಲ ಅಂದ್ರೆ ಅತ್ತಿಗೆ ಏನಂದ್ಕತಾರೆ, ಗೊತ್ತಲ್ಲ" ಅಂದಳು.

ನನ್ನ ಮುಖವನ್ನು ಅವಳು ಸ್ಪಷ್ಟವಾಗಿ ನೋಡಬಲ್ಲಳು ಈಗ. ಕಷ್ಟ.

೫ ಜನವರಿ, ಸೋಮವಾರ

ಅರಕಲಗೂಡಿಗೆ ಹೋಗಿ ಬಂದೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ನೇರ ಬರೆಯಲು ಕೂತಿದ್ದೇನೆ.

ಅಕ್ಕ ಜಗಲಿಯ ಬಿಸಿಲಲ್ಲಿ ಮೊರ ಹಿಡಿದು ಹುಚ್ಚೆಳ್ಳು ಕೇರುತ್ತಿದ್ದಳು. ಎಪ್ಪತ್ತಾರು ವರ್ಷ, ಬೆನ್ನು ನೆಟ್ಟಗೆ. ಬಾಯಿಗೆ ಬೇರೆ ಮಾತು ಬರಲಿಲ್ಲ. ರೂಢಿಯಂತೆ "ಬದ್ಕವ್ಳೆ!" ಎಂದು ಕೂಗಿದೆ.

ತಲೆ ಎತ್ತದೆ, "ಯಾರು?" ಅಂದಳು.

"ನೀಲಗಂಗ."

"ಅವ್ಳು ಬದ್ಕವ್ಳೆ ಅಂತ ಗೊತ್ತು ಕಣ್ಲಾ, ಅನಸೂಯ ಕಾಗ್ದ ಆಕಿದ್ಲು. ನೀನೂ ಬದ್ಕಿದ್ದೀಯ ಅಂತ ಈಗ ಗೊತ್ತಾಯ್ತು."

ಒಳಗಿನಿಂದ ಭಾವ ಬಂದರು. ಎಂಬತ್ತೆರಡು. ಗೋಡೆ ಹಿಡಿದು ನಡೆಯುತ್ತಾರೆ. "ಪರಮಶಿವ, ಬಾ. ಸರಿಯಾಗಿ ಊಟದ ಹೊತ್ತಿಗೆ ಬಂದೆ" ಅಂದರು. ನಿನ್ನೆ ಹೋಗಿ ಇವತ್ತು ಬಂದವನಿಗೆ ಹೇಳಿದ ಹಾಗೆ.

ಮುದ್ದೆ, ಅವರೆಕಾಳಿನ ಸಾರು. ನಾನು ಹತ್ತು ನಿಮಿಷಕ್ಕೆ ಮುಗಿಸಿದೆ. ಗೋಡೆ ಗಡಿಯಾರದಲ್ಲಿ ಒಂದೂ ಇಪ್ಪತ್ತು. ಭಾವ ಮೊದಲ ತುತ್ತಿನಲ್ಲಿದ್ದರು. ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನೋಡಿ, ಬಾಯಿಗಿಟ್ಟು, ಕಣ್ಣು ಮುಚ್ಚುತ್ತಾರೆ. ಅದು ಇಳಿದ ಮೇಲೆ ಇನ್ನೊಂದು. ನಡುವೆ ಮಾತಿಲ್ಲ. ನಾನು ಏಳಲಿಲ್ಲ. ಕೈ ಒಣಗಿತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನಲ್ಲ, ನನ್ನನ್ನು ನೋಡುತ್ತಿದ್ದಳು.

"ಯಾಕ್ಲಾ, ಕಾಲು ಅಂಗೆ ಕುಣೀತದೆ?"

"ಏನಿಲ್ಲ."

ಕಾಲನ್ನು ಕೈಯಲ್ಲಿ ಹಿಡಿದು ಕೂತೆ. ಒಂದು ಮುಕ್ಕಾಲಾಯಿತು. ಎರಡಾಯಿತು. ಆಮೇಲೆ ಯಾವಾಗಲೋ ಗಡಿಯಾರ ನೋಡುವುದನ್ನು ಬಿಟ್ಟೆ. ಒಬ್ಬ ಮನುಷ್ಯ ಒಂದು ಮುದ್ದೆಯನ್ನು ಹೀಗೆ ಉಣ್ಣುವುದನ್ನು ನಾನು ನೋಡಿಯೇ ಇರಲಿಲ್ಲ. ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ಕೂತವರು ಹೀಗೆ ಕೂರುತ್ತಾರೆ. ಮೂಟೆಗಟ್ಟಲೆ ಕೊಬ್ಬರಿ, ಗಾಡಿಗಟ್ಟಲೆ ರಾಗಿ ಕಂಡವನು, ಒಂದು ಅವರೆಕಾಳು ಎಷ್ಟು ದೊಡ್ಡದು ಎಂದು ಇವತ್ತು ಕಂಡೆ.

ಕೊನೆಗೆ ಭಾವ ತಟ್ಟೆಗೆ ನೀರು ಹೊಯ್ದುಕೊಂಡು, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿದರು. ತಟ್ಟೆ ಹೊಳೆಯುತ್ತಿತ್ತು. ನಮ್ಮಲ್ಲಿ ಹಿರಿಯರು ಹಾಗೆ ಮಾಡುತ್ತಿದ್ದರು. ಎಲೆಯಾದರೆ ಬೆರಳಿನಲ್ಲಿ ಬಳಿದು, ತಟ್ಟೆಯಾದರೆ ತೊಳೆದು ಕುಡಿದು. ಪ್ರಸಾದ ಒಂದಗುಳೂ ಉಳಿಯಬಾರದು. ನಮ್ಮಪ್ಪನೂ ಮಾಡುತ್ತಿದ್ದ. ನಾನು ಬಿಟ್ಟೆ, ಪುರುಸೊತ್ತಿಲ್ಲ ಎಂದು.

"ಅವತ್ತು ಇದನ್ನ ಮಾಡೋಕೆ ಬಿಡ್ಲಿಲ್ಲ ನೀನು" ಅಂದರು ಭಾವ. ಸಿಟ್ಟಿರಲಿಲ್ಲ. "ಪ್ರಸಾದ ಬಿಟ್ಟು ಎದ್ದದ್ದು ನನ್ನ ಆಯಸ್ಸಿನಲ್ಲಿ ಅದೊಂದೇ ಸಲ."

"ಅವತ್ತಿಂದ ಇವ್ರು ಯಾರ್ ಮದ್ವೇಲೂ ಎಲೆ ಮುಂದೆ ಕೂತಿಲ್ಲ" ಅಂದಳು ಅಕ್ಕ. "ಅಕ್ಷತೆ ಆಕಿ ಮನೇಗ್ ಬಂದು ಉಣ್ತಾರೆ. ಮಕ್ಳ ಮದ್ವೇಲೂ ಅಂಗೇ. ಯಾರಾದ್ರೂ ಎಬ್ಬಿಸಿಬಿಟ್ರೆ ಅಂತ."

ಬಾಯಿಂದ ಬಿದ್ದ ಒಂದು ಮಾತು. ನಾನು ಅದನ್ನು ಅವತ್ತೇ ಮರೆತು ಎರಡನೇ ಪಂಕ್ತಿಗೆ ಎಲೆ ಹಾಕಿಸಿದ್ದೆ. ಅದು ಹನ್ನೊಂದು ವರ್ಷ ಈ ಮನುಷ್ಯನ ಜೊತೆ ಊರೂರಿನ ಮದುವೆಗೆ ಹೋಗಿ ಬಂದಿದೆ.

ಇವರೇ ನನಗೆ ಅಕ್ಷರ ತಿದ್ದಿಸಿದವರು. ಹೋದ ತಿಂಗಳು ಬರೆಯುವಾಗ ಅದನ್ನು ಬಿಟ್ಟೆ. ಸ್ಕೂಲು ಬಿಡಿಸಿದ ವರ್ಷವೇ ಅಕ್ಕನ ಮದುವೆಯಾಯಿತು. ಹೊಸ ಭಾವ, ಪ್ರೈಮರಿ ಮೇಷ್ಟ್ರು, ಮಾವನ ಮನೆಗೆ ಬಂದಾಗೆಲ್ಲ ಮಂಡಿಯ ಮೂಟೆಯ ಮೇಲೆ ನನ್ನನ್ನು ಕೂರಿಸಿ ಬರೆಸುತ್ತಿದ್ದರು. ನಾನು ತಿದ್ದಿ ತಿದ್ದಿ ಬರೆಯುವ ತನಕ ಪಕ್ಕದಲ್ಲಿ ಕಾಯುತ್ತಿದ್ದರು. ಒಂದು ಸಲವೂ ಏಳು ಅನ್ನಲಿಲ್ಲ.

"ಸಂಕ್ರಾಂತಿಗೆ ಬನ್ನಿ" ಅಂದೆ, ನೆಲ ನೋಡಿಕೊಂಡು.

"ಯಾರ್ಗೆ ಯೋಳ್ತಿದ್ದೀಯ, ನೆಲಕ್ಕಾ?" ಅಂದಳು ಅಕ್ಕ. "ಅಷ್ಟು ಜನದ ಮುಂದೆ ಎಬ್ಬಿಸ್ದೋನು, ನನ್ ಅಡುಗೆಮನೇಲಿ ಗೊಣಗಿದ್ರೆ ಸರಿಯೋಗ್ತದಾ? ಕಾಗ್ದ ಆಕಿ ಕರಿ. ಇವ್ರ ಎಸ್ರಿಗೆ. ಅಂಚೆಯೋನು ಬೀದೀಲಿ ಎಸ್ರು ಕೂಗಿ ಕೊಡ್ಬೇಕು. ಆಮೇಲೆ ನೋಡಾನ."

"ನಂಗೆ ಬರೆಯೋಕೆ ಬರಲ್ಲ ಅಕ್ಕ."

"ಬರ್ತದೆ. ನಾನೇ ಕಲಿಸಿದ್ದು" ಅಂದರು ಭಾವ.

ಅಕ್ಕ ಎಳ್ಳನ್ನು ತಟ್ಟೆಗೆ ಸುರಿದುಕೊಂಡು, ಚೀಲ ಕೊಡವಿ, ನಾಲ್ಕು ಮಡಿಕೆ ಮಾಡಿ ಕೈಗೆ ಕೊಟ್ಟಳು. ತುಂಬಲಿ ಎಂದು ಕಾದೆ. ತುಂಬಲಿಲ್ಲ.

"ಅಕ್ಕ, ಖಾಲಿ ಚೀಲ ಕೊಡಬಾರ್ದು."

"ಗೊತ್ತು ಕಣ್ಲಾ, ನಿನ್ನಿಂದ ಕಲೀಬೇಕಾ? ನಾವು ಬಂದ್ರೆ ಪುಡಿ ನಮ್ ಜೊತೇಲೆ ಬತ್ತದೆ. ಇಲ್ದಿದ್ರೆ ಇಲ್ಲ. ಓಗು, ಬಸ್ಸಿಗೆ ಒತ್ತಾಯ್ತು."

ಅರವತ್ತೊಂಬತ್ತು ವರ್ಷದಲ್ಲಿ ನನಗೆ ಯಾರೂ ಖಾಲಿ ಚೀಲ ಕೊಟ್ಟಿರಲಿಲ್ಲ. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಇಷ್ಟು ಭಾರದ್ದನ್ನು ನಾನು ಹೊತ್ತಿಲ್ಲ.

ನೀಲಗಂಗ ಚೀಲದೊಳಗೆ ಕೈ ಹಾಕಿ ನೋಡಿದಳು. ಖಾಲಿ. "ಓಗ್ಲಿ, ನಿಮ್ ಜುಬ್ಬ ವಾಪಸ್ ಬಂತಲ್ಲ" ಎಂದು ನಗತೊಡಗಿದಳು. ನಕ್ಕರೆ ಕಣ್ಣಿಗೆ ಒಳ್ಳೆಯದಲ್ಲವೇನೋ ಎಂದು ನಾನು ಬೈದೆ. ಅವಳು ನಿಲ್ಲಿಸಲಿಲ್ಲ.

೬ ಜನವರಿ, ಮಂಗಳವಾರ

ಅಂಚೆ ಕಾರ್ಡು ಐದು ತರಿಸಿದೆ. ಮೊದಲನೆಯದರಲ್ಲಿ ನೂರೈವತ್ತು ಜನ ನಿಂತಿದ್ದರು ಎಂದು ಬರೆದೆ. ಓದಿದರೆ ಮತ್ತೆ ಜಗಳಕ್ಕೆ ನಿಂತ ಹಾಗಿತ್ತು, ಹರಿದೆ. ಎರಡನೆಯದನ್ನು ಸೊಸೆ ತಿದ್ದುತ್ತೇನೆ ಅಂದಳು. ಬೇಡ, ತಿದ್ದುವವರು ಅರಕಲಗೂಡಿನಲ್ಲಿದ್ದಾರೆ ಅಂದೆ. ಇನ್ನು ಕಾರ್ಡು ಹಾಳು ಮಾಡುವುದು ಬೇಡ, ಇಲ್ಲಿ ಬರೆದುಕೊಂಡು ಆಮೇಲೆ ಇಳಿಸುತ್ತೇನೆ. ಇವತ್ತು ಅಂಚೆ ಡಬ್ಬಿಗೆ ಹಾಕಿದರೆ ಗುರುವಾರ ಮುಟ್ಟುತ್ತದೆ.

ಅರಕಲಗೂಡು ಕೋಟೆ ಬೀದಿಯಲ್ಲಿರುವ ನಿವೃತ್ತ ಮೇಷ್ಟ್ರು ರುದ್ರಯ್ಯನವರಿಗೆ ಚನ್ನರಾಯಪಟ್ಟಣದಿಂದ ಪರಮಶಿವಯ್ಯ ಮಾಡುವ ಶರಣು. ಹದಿನಾಲ್ಕನೇ ತಾರೀಖು ಬುಧವಾರ ಸಂಕ್ರಾಂತಿ, ನಮ್ಮ ಮನೆಯಲ್ಲಿ ಊಟ. ಎಂಬತ್ತಾರನೇ ಇಸವಿಯಲ್ಲಿ ನಿಮ್ಮನ್ನು ಎಲೆಯಿಂದ ಎಬ್ಬಿಸಿದ್ದು ನಾನು. ಆ ಎಲೆಯನ್ನು ಮತ್ತೆ ಹಾಕುತ್ತೇನೆ. ಅವತ್ತು ನಿಂತಿದ್ದ ನೆಂಟರಲ್ಲಿ ಬದುಕಿರುವವರನ್ನೂ ಕರೆಯುತ್ತೇನೆ, ಅವರ ಮುಂದೆಯೇ. ಒಂದೇ ಪಂಕ್ತಿ, ಎರಡನೇ ಪಂಕ್ತಿ ಇಟ್ಟುಕೊಂಡಿಲ್ಲ. ಸಂಜೆಯಾದರೂ ಸರಿ, ನೀವು ಬಳಿದು ಏಳುವ ತನಕ ಯಾರೂ ಏಳುವುದಿಲ್ಲ. ನಾನು ಪಕ್ಕದಲ್ಲಿ ಕೂರುತ್ತೇನೆ. ಅಕ್ಕನಿಗೆ ಪುಡಿ ತರಲು ಹೇಳುವುದು, ಡಬ್ಬಿ ಖಾಲಿಯಾಗಿದೆ. ಬರುತ್ತೀರೋ ಇಲ್ಲವೋ, ಹನ್ನೆರಡನೇ ತಾರೀಖು ಸೋಮವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.